ನಮ್ಮ ಲಂಕಾಪ್ರಯಾಣದ ಸಿದ್ಧತೆ

ಮನೆಯನ್ನು ಭಾಗ ಮಾಡಿಕೊಳ್ಳುವುದು ಸುಲಭ; ಒಂದು ನೋಟುಪುಸ್ತಕವನ್ನು ಭಾಗ ಮಾಡಿಕೊಳ್ಳುವುದು ಕಷ್ಟ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ೨೦೧೨ನೆಯ ಇಸವಿಯಲ್ಲಿ ನಾನೂ ನನ್ನ ತಮ್ಮನೂ ಮೈಸೂರಿನಲ್ಲಿದ್ದ ತಂದೆಯವರ ಮನೆಯನ್ನು ಮಾರಿ ಬಂದ ಹಣವನ್ನು ಹಂಚಿಕೊಂಡೆವು. ಹಂಚಿಕೊಳ್ಳುವುದಕ್ಕೆ ಅರ್ಧ ದಿನ ಸಾಕಾಯಿತು. ಆ ಅರ್ಧ ದಿನದಲ್ಲಿ ಆಡಿದ ಮಾತುಗಳನ್ನು ಮರೆಯುವುದಕ್ಕೆ ಹನ್ನೆರಡು ವರ್ಷ ಸಾಲದೆ ಹೋಯಿತು. ಆಡಿದವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. “ನಿನ್ನ ಇಂಜಿನಿಯರ್ ಓದಿಗೆಂದು ಅಪ್ಪ ಅಮ್ಮನ ಬಳೆಗಳನ್ನು ಅಡವಿಟ್ಟರು. ನನಗಾಗಿ ಈ ಮನೆಯಲ್ಲಿ ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ” ಎಂದೆ. ತಮ್ಮ ಮರುಮಾತಾಡದೆ ಕಾಗದಕ್ಕೆ ರುಜು ಹಾಕಿ ಶಿವಮೊಗ್ಗಕ್ಕೆ ಹೊರಟುಹೋದ. ಅಲ್ಲಿಂದ ಮುಂದೆ ಮದುವೆ ಮುಂಜಿಗಳಲ್ಲಿ ಎದುರಾದಾಗ “ಚೆನ್ನಾಗಿದ್ದೀಯಾ?”, “ಚೆನ್ನಾಗಿದ್ದೇನೆ” ಎಂಬೆರಡು ಮಾತುಗಳಿಗೆ ನಮ್ಮ ಸೋದರಭಾವ ಮುಗಿದುಹೋಗುತ್ತಿತ್ತು.

೨೦೨೪ನೆಯ ಬೇಸಗೆಯಲ್ಲಿ ಹಾಸನದಲ್ಲಿ ನಮ್ಮಕ್ಕನ ಮೊಮ್ಮಗಳ ಮದುವೆ ನಡೆಯಿತು. ಊಟವಾದ ಮೇಲೆ ಅಕ್ಕ ನಮ್ಮಿಬ್ಬರನ್ನೂ ಒಳಕೋಣೆಗೆ ಕರೆದಳು. ಅಮ್ಮನ ಕಾಲದಿಂದ ಅವಳ ಬಳಿ ಉಳಿದಿದ್ದ ಟ್ರಂಕಿನಿಂದ ಒಂದು ದಪ್ಪ ರಟ್ಟಿನ ನೋಟುಪುಸ್ತಕವನ್ನು ತೆಗೆದು ನಮ್ಮ ನಡುವೆ ಇಟ್ಟಳು. ಮೇಲೆ ತಂದೆಯವರ ದುಂಡಾದ ಅಕ್ಷರ: “ಸಿಂಹಳ ಪ್ರವಾಸ — ೧೯೬೫ ಏಪ್ರಿಲ್.”

“ಮನೆ ಭಾಗ ಮಾಡ್ಕೊಂಡಿರಲ್ಲ, ಇದನ್ನೂ ಭಾಗ ಮಾಡ್ಕೊಳ್ಳಿ, ನೋಡೋಣ” ಎಂದಳು ಅಕ್ಕ.

ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಕೊನೆಗೆ ತಮ್ಮನೇ, “ತಿಂಗಳು ನಿನ್ನ ಹತ್ತಿರ ಇರಲಿ, ತಿಂಗಳು ನನ್ನ ಹತ್ತಿರ ಇರಲಿ” ಎಂದ. ಹನ್ನೆರಡು ವರ್ಷಗಳಲ್ಲಿ ನಮ್ಮ ನಡುವೆ ಆದ ಮೊದಲನೆಯ ಒಪ್ಪಂದ ಅದು.

ನಮ್ಮ ತಂದೆಯವರು ಹೈಸ್ಕೂಲಿನಲ್ಲಿ ಭೂಗೋಳದ ಉಪಾಧ್ಯಾಯರಾಗಿದ್ದರು. ಜಗತ್ತಿನ ಬಂದರುಗಳ ಹೆಸರುಗಳನ್ನೆಲ್ಲ ಬಲ್ಲವರಾದರೂ ಒಮ್ಮೆಯೂ ಹಡಗು ಹತ್ತಿದವರಲ್ಲ. ಈ ಕೊರತೆಯನ್ನು ನೀಗಿಕೊಳ್ಳಲು ಅವರು ಆರಿಸಿಕೊಂಡಿದ್ದು ಅತ್ಯಂತ ಸಮೀಪದ ಪರದೇಶವನ್ನು. ೧೯೧೪ನೆಯ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನ ರೈಲು ನೇರವಾಗಿ ಧನುಷ್ಕೋಟಿಯ ಕಟ್ಟೆಗೆ ಬರುತ್ತಿತ್ತು. ಅಲ್ಲಿ ಇಳಿದವರು ಸ್ಟೀಮರು ಹತ್ತಿ ಇಪ್ಪತ್ತು ಮೈಲಿ ಚಿಲ್ಲರೆ ಕಡಲನ್ನು ದಾಟಿದರೆ ತಲೈಮನ್ನಾರ್. ಅಲ್ಲಿ ಕೊಲಂಬೋ ರೈಲು ಕಾದಿರುತ್ತಿತ್ತು. ರೈಲು, ಹಡಗು, ಮತ್ತೆ ರೈಲು. ಈ ಮೂರು ಸೇರಿ ಜನರ ಬಾಯಲ್ಲಿ ‘ಬೋಟ್ ಮೇಲ್’ ಎನಿಸಿಕೊಂಡಿದ್ದವು. ತಿರುಚಿರಾಪಳ್ಳಿಯಲ್ಲಿ ಬೋಟ್ ಮೇಲ್ ಹಿಡಿಯುವುದು, ತಲೈಮನ್ನಾರಿನಲ್ಲಿ ಇಳಿಯುವುದು, ಅನುರಾಧಪುರದ ಬೋಧಿವೃಕ್ಷ, ಆಮೇಲೆ ಕ್ಯಾಂಡಿ: ಇಷ್ಟೇ ತಂದೆಯವರ ಯೋಜನೆ. ಅವರೂ ಅಮ್ಮನೂ ನಾವು ಮೂವರು ಮಕ್ಕಳೂ, ಮೂರನೆಯ ತರಗತಿಯಲ್ಲಿ, ಛತ್ರಗಳಲ್ಲಿ ತಂಗುತ್ತ ಹೋಗಿಬರುವುದಕ್ಕೆ ಒಟ್ಟು ೫೬೦ ರೂಪಾಯಿ ಎಂದು ಅಂದಾಜು ಹಾಕಿದ್ದರು. “ಪಾಸ್‌ಪೋರ್ಟು—ವಿಚಾರಿಸುವುದು” ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು.

ಆ ಪ್ರಯಾಣ ಏಕೆ ನಡೆಯಲಿಲ್ಲವೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ೧೯೬೪ನೆಯ ಡಿಸೆಂಬರ್ ೨೨ರ ರಾತ್ರಿ ಎದ್ದ ಚಂಡಮಾರುತದಲ್ಲಿ ಧನುಷ್ಕೋಟಿ ಕೊಚ್ಚಿಹೋಯಿತು. ಪಾಂಬನ್ನಿನಿಂದ ಹೊರಟಿದ್ದ ರೈಲೊಂದು ಊರನ್ನು ಸೇರುವುದಕ್ಕೆ ಸ್ವಲ್ಪ ಮೊದಲೇ ಅಲೆಗಳ ಪಾಲಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ನಾವೂ ಆ ರೈಲಿನಲ್ಲಿ ಇರಬೇಕಾಗಿತ್ತೆಂದು ಹೇಳಿದ್ದರೆ ಕಥೆ ಸೊಗಸಾಗುತ್ತಿತ್ತು; ಆದರೆ ನಮ್ಮ ಪ್ರಯಾಣಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಆಗ ನನಗೆ ಹನ್ನೊಂದು ವರ್ಷ. “ಲಂಕೆಗೆ ಯಾವಾಗ ಹೋಗೋದಪ್ಪಾ?” ಎಂದು ಕೇಳಿದಾಗಲೆಲ್ಲ ತಂದೆಯವರು, “ಧನುಷ್ಕೋಟಿಯೇ ಸಮುದ್ರಕ್ಕೆ ಹೋಯಿತಲ್ಲಪ್ಪ, ಇನ್ನು ಹೋಗುವುದಾದರೂ ಎಲ್ಲಿಂದ?” ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ ನಾವು ಕೇಳುವುದನ್ನೂ ಬಿಟ್ಟೆವು. ೧೯೯೮ರಲ್ಲಿ ಅವರು ತೀರಿಕೊಂಡರು.

ನೋಟುಪುಸ್ತಕ ಕೈಗೆ ಬಂದ ಮೊದಲ ತಿಂಗಳಲ್ಲೇ ತಮ್ಮನಿಂದ ದೂರವಾಣಿ ಕರೆ ಬಂತು. “ನಾವೇ ಹೋಗಿಬಂದರೆ ಹೇಗೆ? ನಾನು ಕಾರು ನಡೆಸುತ್ತೇನೆ, ನೀನು ಭೂಪಟ ಹಿಡಿದುಕೊಂಡು ಕೂತುಕೋ” ಎಂದ. ಅರವತ್ತಾರು ವರ್ಷದವನು ಎಪ್ಪತ್ತೊಂದು ವರ್ಷದವನಿಗೆ ಆಡತಕ್ಕ ಮಾತೇ ಇದು ಎಂದು ನನ್ನ ಹೆಂಡತಿ ನಕ್ಕಳು. ಬೆಂಗಳೂರಿನಿಂದ ವಿಮಾನದಲ್ಲಿ ಹೋದರೆ ಬೆಳಗಿನ ಕಾಫಿ ಇಲ್ಲಿ, ಮಧ್ಯಾಹ್ನದ ಊಟ ಕೊಲಂಬೋದಲ್ಲಿ ಎಂದು ಮಕ್ಕಳು ಬುದ್ಧಿ ಹೇಳಿದರು. ಅದು ನಿಜ. ಆದರೆ ಭೂಗೋಳದ ಮೇಷ್ಟರ ಮಕ್ಕಳು ದೇಶದ ಅಂಚನ್ನು ಕಣ್ಣಾರೆ ನೋಡದೆ ಮೋಡದ ಮೇಲೆ ಹಾರಿಹೋದರೆ ಮೇಷ್ಟರು ಮೆಚ್ಚುತ್ತಿದ್ದರೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ಮೊದಲನೆಯ ತೊಡಕು ಕಾರಿನದು. ಯೂರೋಪಿನಲ್ಲಿ ಡೋವರ್ ಬಂದರಿನಿಂದ ಕ್ಯಾಲೇ ಬಂದರಿಗೆ ಹೋಗುವವರು ಮೋಟಾರನ್ನು ಹಡಗಿನ ಹೊಟ್ಟೆಯೊಳಕ್ಕೇ ನಡೆಸಿಕೊಂಡು ಹೋಗಿ, ಮೇಲೆ ಹತ್ತಿ ಚಹಾ ಕುಡಿದು, ಆ ದಡದಲ್ಲಿ ಅದೇ ಮೋಟಾರಿನಲ್ಲಿ ಹೊರಬೀಳುತ್ತಾರೆ. ತಮ್ಮನ ಮನಸ್ಸಿನಲ್ಲಿದ್ದದ್ದು ಈ ಚಿತ್ರ. ಒಂದು ದೇಶದ ಮೋಟಾರನ್ನು ಸುಂಕ ಕೊಡದೆ ತಾತ್ಕಾಲಿಕವಾಗಿ ಮತ್ತೊಂದು ದೇಶಕ್ಕೆ ಒಯ್ಯುವುದಕ್ಕೆ ‘ಕಾರ್ನೆ’ ಎಂಬ ಪತ್ರ ಬೇಕೆಂಬುದನ್ನೂ, ಅದಕ್ಕೆ ದೊಡ್ಡ ಮೊತ್ತದ ಜಾಮೀನು ಬೇಕೆಂಬುದನ್ನೂ ಅವನು ಆಗಲೇ ತಿಳಿದುಕೊಂಡಿದ್ದ. ಅವನು ತಿಳಿಯದೆ ಇದ್ದದ್ದು ಒಂದೇ: ನಮ್ಮ ಹಡಗಿಗೆ ಅಂಥ ಹೊಟ್ಟೆಯೇ ಇಲ್ಲ.

ಆ ಹಡಗಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಧನುಷ್ಕೋಟಿ ಹೋದ ಮೇಲೆ ರಾಮೇಶ್ವರದಿಂದ ತಲೈಮನ್ನಾರಿಗೆ ‘ರಾಮಾನುಜಂ’ ಎಂಬ ಹಡಗು ನಡೆಯಿತು. ೧೯೮೩ರಲ್ಲಿ ಸಿಂಹಳದಲ್ಲಿ ಯುದ್ಧ ಹೊತ್ತಿಕೊಂಡಿತು. ಅದರೊಡನೆ ಈ ದಾರಿಯೂ ಮುಚ್ಚಿತು. ೨೦೦೯ರಲ್ಲಿ ಯುದ್ಧ ಮುಗಿದ ಮೇಲೆ, ೨೦೧೧ರಲ್ಲಿ, ತೂತ್ತುಕುಡಿಯಿಂದ ಕೊಲಂಬೋಗೆ ಒಂದು ಹಡಗು ಕೆಲವು ತಿಂಗಳು ಓಡಾಡಿ ನಿಂತುಹೋಯಿತು. ಕೊನೆಗೆ ೨೦೨೩ನೆಯ ಅಕ್ಟೋಬರ್ ೧೪ರಂದು ನಾಗಪಟ್ಟಣದಿಂದ ಜಾಫ್ನಾದ ಬಳಿಯ ಕಾಂಕೇಸನ್‌ತುರೈ ಬಂದರಿಗೆ ‘ಚೆರಿಯಪಾಣಿ’ ಎಂಬ ಹಡಗು ಹೊರಟಿತು. ಕೆಲವೇ ದಿನಗಳಲ್ಲಿ ಮಳೆಗಾಲ ಬಂತೆಂದು ನಿಂತಿತು. ೨೦೨೪ನೆಯ ಆಗಸ್ಟ್ ೧೬ರಂದು ‘ಶಿವಗಂಗೈ’ ಎಂಬ ಮತ್ತೊಂದು ಹಡಗಿನೊಡನೆ ಸೇವೆ ಮರಳಿ ಆರಂಭವಾಯಿತು. ಸುಮಾರು ೧೧೦ ಕಿಲೋಮೀಟರ್ ಕಡಲು, ಸುಮಾರು ನಾಲ್ಕು ಗಂಟೆಯ ಪಯಣ. ಅದರಲ್ಲಿ ಸಾಗುವುದು ಮನುಷ್ಯರು ಮತ್ತು ಅವರ ಗಂಟುಮೂಟೆ, ಮೋಟಾರುಗಳಲ್ಲ.

ಇದನ್ನು ತಿಳಿಸಿದಾಗ ತಮ್ಮನ ದನಿ ಬದಲಾಯಿತು. “ನೀನು ಚಿಕ್ಕಂದಿನಿಂದಲೂ ಹೀಗೆಯೇ. ನಾನು ಏನು ಹೇಳಿದರೂ ಮೊದಲು ಆಗುವುದಿಲ್ಲವೆಂದು ಹೇಳುವವನು ನೀನು” ಎಂದ. ನನಗೂ ಬಿಸಿ ಹತ್ತಿತು. “ಆಗುವುದಿಲ್ಲವೆಂದು ಹೇಳಿದ್ದು ನಾನಲ್ಲ, ಹಡಗು” ಎಂದೆ. ಆ ತಿಂಗಳು ನಮ್ಮಲ್ಲಿ ಮತ್ತೆ ಮಾತಿಲ್ಲ. ತಿಂಗಳ ಕೊನೆಗೆ ನೋಟುಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿಬಿಡೋಣವೆಂದು ಕವರಿಗೆ ಹಾಕಿದ್ದೆ. ಅಷ್ಟರಲ್ಲಿ ಅಕ್ಕನ ಕರೆ ಬಂತು: “ಅಂಚೆಗೆ ಹಾಕ್ಬೇಡ. ಕಳೆದುಹೋದರೆ ಇಬ್ಬರಿಗೂ ಇಲ್ಲ. ಕೈಯಿಂದ ಕೈಗೆ ಕೊಡು.” ಅವಳಿಗೆ ಯಾರು ಹೇಳಿದರೆಂದು ನಾನು ವಿಚಾರಿಸಲಿಲ್ಲ. ಶಿವಮೊಗ್ಗಕ್ಕೆ ಹೋದೆ. ತಮ್ಮ ನಿಲ್ದಾಣಕ್ಕೆ ಬಂದಿದ್ದ. ಅವನ ಮನೆಯ ಊಟದ ಮೇಜಿನ ಮೇಲೆ ಭೂಪಟವನ್ನು ಹರಡಿಕೊಂಡು ರಾತ್ರಿ ಹನ್ನೊಂದು ಗಂಟೆಯವರೆಗೆ ಕುಳಿತೆವು. ಕಾರು ನಾಗಪಟ್ಟಣದವರೆಗೆ, ಆಚೆಯ ದಡದಲ್ಲಿ ಬಾಡಿಗೆಯ ಕಾರು ಎಂದು ತೀರ್ಮಾನವಾಯಿತು. ಅಲ್ಲಿಯೂ ನಮ್ಮಂತೆಯೇ ಎಡಬದಿಯಲ್ಲಿ ವಾಹನ ನಡೆಸುತ್ತಾರೆ. ಆದರೆ ಪರದೇಶದವರು ತಾವೇ ನಡೆಸಬೇಕಾದರೆ ಅಲ್ಲಿಯ ಒಪ್ಪಿಗೆಯನ್ನು ಬೇರೆ ಪಡೆಯಬೇಕು. ಆದ್ದರಿಂದ ಚಾಲಕನಿರುವ ಕಾರನ್ನೇ ಹಿಡಿಯುವುದೆಂದೆವು. “ಅಲ್ಲಿ ನಾನೂ ಸುಮ್ಮನೆ ಕೂತು ಕಿಟಕಿ ನೋಡುತ್ತೇನೆ” ಎಂದು ತಮ್ಮ ಸೋಲನ್ನು ಲಾಭವನ್ನಾಗಿ ಮಾಡಿಕೊಂಡ.

ಈಚೆಯ ದಾರಿಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ. ಮೈಸೂರಿನಿಂದ ಚಾಮರಾಜನಗರ, ಅಲ್ಲಿಂದ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಸತ್ಯಮಂಗಲ, ಈರೋಡು, ಕರೂರು, ತಿರುಚಿರಾಪಳ್ಳಿ, ತಂಜಾವೂರು, ತಿರುವಾರೂರು, ನಾಗಪಟ್ಟಣ: ಒಟ್ಟು ೫೦೦ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಭೂಪಟದ ಮೇಲೆ ಬೆರಳಾಡಿಸಿದಾಗ ಹೊಳೆಯಿತು: ಇದು ಕಾವೇರಿಯ ಜೊತೆಜೊತೆಗೇ ಸಾಗುವ ದಾರಿ. ನಮ್ಮ ಶ್ರೀರಂಗಪಟ್ಟಣವನ್ನು ಬಳಸಿ ಹರಿದ ನೀರೇ ಈರೋಡಿನಲ್ಲಿ ನಮಗೆ ಮತ್ತೆ ಸಿಕ್ಕುತ್ತದೆ. ಶ್ರೀರಂಗದಲ್ಲಿ ಕವಲೊಡೆದು ತಂಜಾವೂರಿನ ಗದ್ದೆಗಳಲ್ಲಿ ನೂರು ಕಾಲುವೆಯಾಗಿ ಹರಡಿಕೊಂಡು ಕಡಲನ್ನು ಸೇರುತ್ತದೆ. ಆದಿರಂಗನನ್ನು ನೋಡಿ ಹೊರಟವರು ಅಂತ್ಯರಂಗನಿಗೆ ಕೈಮುಗಿಯದೆ ಹೋಗುವುದುಂಟೆ? ತಿರುಚಿಯಲ್ಲಿ ಒಂದು ರಾತ್ರಿ ತಂಗುವುದೆಂದು ನಿಶ್ಚಯಿಸಿದೆವು.

ನಾಗಪಟ್ಟಣದಲ್ಲಿಯೂ ಒಂದು ದಿನ ನಿಲ್ಲಬೇಕು. ಹಡಗು ಹಿಡಿಯುವುದಕ್ಕೆ ಮಾತ್ರ ಬಂದು ಓಡತಕ್ಕ ಊರಲ್ಲ ಅದು. ಸಾವಿರ ವರ್ಷಗಳ ಹಿಂದೆ, ರಾಜರಾಜ ಚೋಳನ ಕಾಲದಲ್ಲಿ, ಸಮುದ್ರದಾಚೆಯ ಶ್ರೀವಿಜಯದ ಅರಸರು ತಮ್ಮ ಬೌದ್ಧ ಯಾತ್ರಿಕರಿಗಾಗಿ ಅಲ್ಲಿ ಚೂಡಾಮಣಿ ವಿಹಾರವನ್ನು ಕಟ್ಟಿಸಿದರು. ಶಿವಭಕ್ತನಾದ ಚೋಳರಾಜ ಅದಕ್ಕೊಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟ. ಒತ್ತಿನಲ್ಲೇ ಒಂದು ಕಡೆ ನಾಗೂರಿನ ದರ್ಗಾ, ಇನ್ನೊಂದು ಕಡೆ ವೇಲಾಂಕಣ್ಣಿಯ ಮಾತೆಯ ಇಗರ್ಜಿ. ಅದೇ ತೀರವನ್ನು ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿ ಬಡಿಯಿತು. ಆ ಒಂದು ಜಿಲ್ಲೆಯಲ್ಲೇ ಸಾವಿರಾರು ಜನ ತೀರಿಹೋದರು. ೧೯೬೪ರ ಬಿರುಗಾಳಿಯೂ ಡಿಸೆಂಬರಿನದೇ. ಸುನಾಮಿ ಕಾಲ ನೋಡಿ ಬರುವುದಿಲ್ಲ, ನಿಜ. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆಗಾಲ, ಆ ಕಡಲು ಮುನಿಯುವ ಕಾಲ. ಆಗ ಹಡಗು ನಿಲ್ಲುವುದುಂಟು. ವಾಚಕರಲ್ಲಿ ಯಾರಾದರೂ ಈ ದಾರಿಯನ್ನು ಹಿಡಿಯುವುದಾದರೆ ಎರಡು ಮಾತನ್ನು ಮನಸ್ಸಿನಲ್ಲಿಡಬೇಕು. ಮಾಘ ಕಳೆದ ಮೇಲೆ ಹೊರಡುವುದು ಒಂದು. ಹೊರಡುವ ಮುನ್ನ ಹಡಗು ನಡೆಯುತ್ತಿದೆಯೇ, ಯಾವ ಯಾವ ದಿನ ಎಂಬುದನ್ನು ವಿಚಾರಿಸಿಕೊಂಡು, ಹಿಂದಿರುಗುವುದಕ್ಕೆ ಎರಡು ಮೂರು ದಿನವನ್ನು ಕೈಯಲ್ಲಿಟ್ಟುಕೊಳ್ಳುವುದು ಇನ್ನೊಂದು. ಪಂಚಾಂಗ ಒಪ್ಪಿದರೆ ಸಾಲದು, ಗಾಳಿಯೂ ಒಪ್ಪಬೇಕು.

ಆಚೆಯ ದಡದಲ್ಲಿ ತಮ್ಮನಿಗೆ ಬೇಕಾದದ್ದು ಆನೆಯಿರವು ಎಂಬ ಕಿರಿದಾದ ನೆಲಗಟ್ಟು. ಜಾಫ್ನಾದಿಂದ ಕ್ಯಾಂಡಿಗೆ ಹೋಗುವ ಹೆದ್ದಾರಿ ಅಲ್ಲಿಯೇ ಹಾದುಹೋಗುತ್ತದೆ. ಯುದ್ಧದ ಕಾಲದಲ್ಲಿ ಬಹುಕಾಲ ಮುಚ್ಚಿದ್ದ ಹೆದ್ದಾರಿ ಅದು. ನನಗೆ ಬೇಕಾದದ್ದು ಜಾಫ್ನಾದ ಪುಸ್ತಕಭಂಡಾರ. ೧೯೮೧ನೆಯ ಮೇ ೩೧ರ ರಾತ್ರಿ ಅದಕ್ಕೆ ಬೆಂಕಿಯಿಟ್ಟಾಗ ಸುಮಾರು ೯೭,೦೦೦ ಗ್ರಂಥಗಳೂ ಓಲೆಗರಿಯ ಕಟ್ಟುಗಳೂ ಬೂದಿಯಾದವು. ಈಗ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಸುಟ್ಟ ಮನೆಯನ್ನು ಮರಳಿ ಕಟ್ಟಿದವರು ಕಪಾಟುಗಳನ್ನು ಹೇಗೆ ತುಂಬಿದ್ದಾರೆಂಬುದನ್ನು ನೋಡಬೇಕೆಂದು ನನ್ನ ಆಸೆ. ಅಲ್ಲಿಂದ ಮನ್ನಾರ್ ದ್ವೀಪಕ್ಕೆ ಹೋಗಿ ತಲೈಮನ್ನಾರಿನ ಹಳೆಯ ಕಟ್ಟೆಯ ಮೇಲೆ ನಿಂತು ಧನುಷ್ಕೋಟಿಯ ದಿಕ್ಕಿಗೆ ಮುಖಮಾಡುವುದು; ಆಮೇಲೆ ಅನುರಾಧಪುರ. ೧೮೯೭ನೆಯ ಜನವರಿಯಲ್ಲಿ ಪಶ್ಚಿಮದಿಂದ ಮರಳಿದ ವಿವೇಕಾನಂದರು ಕೊಲಂಬೋದಲ್ಲಿ ಇಳಿದು, ಕ್ಯಾಂಡಿ, ಅನುರಾಧಪುರಗಳ ಮೇಲೆ ರಸ್ತೆಯಲ್ಲಿ ಜಾಫ್ನಾಕ್ಕೆ ಬಂದು, ಅಲ್ಲಿಂದ ಹಡಗಿನಲ್ಲಿ ಪಾಂಬನ್ನಿಗೆ ದಾಟಿದರು. ರಸ್ತೆ, ಹಡಗು, ಮತ್ತೆ ರಸ್ತೆ. ನಮ್ಮದೂ ಅದೇ ಕ್ರಮ, ಎದುರು ದಿಕ್ಕಿನಲ್ಲಿ.

ಹೀಗೆ ಏರ್ಪಾಡು ಮುಂದುವರಿಯುತ್ತಿದ್ದಾಗ ನೋಟುಪುಸ್ತಕ ಎರಡನೆಯ ಬಾರಿ ನನ್ನ ಸರದಿಗೆ ಬಂತು. ತಂದೆಯವರಿಗೆ ಒಂದು ಅಭ್ಯಾಸವಿತ್ತು: ಪುಸ್ತಕದ ಮುಂದಿನಿಂದ ವಿಷಯ, ತಲೆಕೆಳಗು ಮಾಡಿ ಹಿಂದಿನಿಂದ ಲೆಕ್ಕ. ನಾನು ವಿಷಯವನ್ನು ಓದುವವನು. ಮೊದಲ ತಿಂಗಳಲ್ಲಿ ಹಿಂದಿನ ಪುಟಗಳನ್ನು ನೋಡಿರಲಿಲ್ಲ. ಒಂದು ಸಂಜೆ ಪಾಸ್‌ಪೋರ್ಟಿನ ಚೀಟಿಯೊಂದನ್ನು ಹುಡುಕುತ್ತ ಪುಸ್ತಕವನ್ನು ತಿರುಗಿಸಿದೆ. ೧೯೬೩ನೆಯ ಸೆಪ್ಟೆಂಬರಿನಿಂದ ತಿಂಗಳಿಗೆ ೨೦ ರೂಪಾಯಿಯಂತೆ ಎತ್ತಿಟ್ಟ ಹಣದ ಲೆಕ್ಕ ಅಲ್ಲಿತ್ತು. ೧೯೬೪ನೆಯ ಡಿಸೆಂಬರಿನ ಕೊನೆಗೆ ಮೊತ್ತ ೩೨೦. ಅದರ ಕೆಳಗೆ, ಚಂಡಮಾರುತವಾದ ಐದು ದಿನಗಳ ಮೇಲೆ ಬರೆದ ಒಂದು ಸಾಲು: “ಧನುಷ್ಕೋಟಿ ನಷ್ಟವಾಯಿತು. ರಾಮೇಶ್ವರದಿಂದ ಹಡಗು ಬಿಡುವರೋ? ರೈಲ್ವೆಯವರಿಗೆ ಕಾಗದ ಬರೆಯುವುದು.”

ಹಾಗಾದರೆ ಬಿರುಗಾಳಿಯಿಂದ ಅವರು ಕೈಬಿಟ್ಟಿರಲಿಲ್ಲ. ಕೈಬಿಡಬೇಕಾಗಿಯೂ ಇರಲಿಲ್ಲ, ಮುರಿದ ಪಾಂಬನ್ ಸೇತುವೆಯನ್ನು ಇಂಜಿನಿಯರ್ ಶ್ರೀಧರನ್ನರು ನಲವತ್ತಾರು ದಿನಗಳಲ್ಲಿ ರಿಪೇರಿ ಮಾಡಿಸಿದರು, ಮುಂದೆ ರಾಮೇಶ್ವರದಿಂದ ಹಡಗೂ ಹೊರಟಿತು. ಪುಟ ತಿರುಗಿಸಿದೆ. ೧೯೬೫ ಜನವರಿ: “ದೊಡ್ಡವನ ವಿಷಮಜ್ವರ. ಡಾಕ್ಟರ್ ೪೦. ಔಷಧ ೬೪. ಬೆಂಗಳೂರಿಗೆ ಮೋಟಾರು ೪೮. ಆಸ್ಪತ್ರೆ ೧೨೫. ಹಾಲು, ಹಣ್ಣು ೪೩. ಒಟ್ಟು ೩೨೦. ಉಳಿಕೆ ಇಲ್ಲ.”

ದೊಡ್ಡವನೆಂದರೆ ನಾನು. ಆ ಜ್ವರ ನನಗೆ ನೆನಪಿದೆ. ಕಿತ್ತಳೆ ತೊಳೆಗಳನ್ನು ಸುಲಿದು ಬಾಯಿಗಿಡುತ್ತಿದ್ದ ಅಮ್ಮನ ಕೈ ನೆನಪಿದೆ. ಅದಕ್ಕೆ ಹಣವೆಲ್ಲಿಂದ ಬಂತೆಂದು ಹನ್ನೊಂದು ವರ್ಷದ ಹುಡುಗ ಕೇಳಲಿಲ್ಲ; ಐವತ್ತೊಂಬತ್ತು ವರ್ಷದ ಗಂಡಸೂ ಕೇಳದೆಯೇ, ನನಗಾಗಿ ಯಾರೂ ಏನನ್ನೂ ಬಿಟ್ಟುಕೊಡಲಿಲ್ಲವೆಂದು ತಮ್ಮನ ಮುಖಕ್ಕೆ ಹೇಳಿದ. ಮಗನಿಗೆ ಭಾರವಾಗಬಾರದೆಂದು ತಂದೆಯವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಭಾರವನ್ನು ಬಂಗಾಳಕೊಲ್ಲಿಯ ಮೇಲೆ ಹೊರಿಸಿದ್ದರು.

ಇನ್ನೂ ಒಂದು ಸಂಗತಿಯಿತ್ತು. ೩೨೦ ಎಂಬ ಅಂಕೆಯ ಪಕ್ಕದಲ್ಲಿ ಹೊಸ ನೀಲಿ ಶಾಯಿಯ ಸಣ್ಣ ಗುರುತು. ಯಾವ ಲೆಕ್ಕವನ್ನು ಕಂಡರೂ ಕೂಡಿ ನೋಡಿ ಸರಿಯಿದ್ದರೆ ಗುರುತು ಹಾಕುವುದು ನನ್ನ ತಮ್ಮನ ಹುಟ್ಟುಗುಣ. ಅವನು ಈ ಪುಟವನ್ನು ನೋಡಿದ್ದ. ನೋಡಿ ತಿಂಗಳು ದಾಟಿದರೂ ನನಗೆ ಹೇಳಿರಲಿಲ್ಲ.

ಆ ರಾತ್ರಿ ಅವನಿಗೆ ಕರೆಮಾಡಿದೆ. “ಹಿಂದಿನ ಪುಟಗಳನ್ನು ನೋಡಿದೆ” ಎಂದೆ. ಅವನು ಸುಮ್ಮನಿದ್ದ. “ಆ ದಿನ ಮನೆಯ ಕಾಗದ ಮಾಡುವಾಗ ನಾನು ಆಡಿದ ಮಾತು ತಪ್ಪು” ಎಂದೆ. ಹನ್ನೆರಡು ವರ್ಷ ಗಂಟಲಲ್ಲಿದ್ದ ಮಾತು ಹೊರಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ, “ಲೆಕ್ಕ ಸರಿಯಾಗಿದೆ, ನಾನು ಕೂಡಿ ನೋಡಿದ್ದೇನೆ. ಅದು ಹಾಗಿರಲಿ, ನಾಗಪಟ್ಟಣದಲ್ಲಿ ಕಾರನ್ನು ಎಲ್ಲಿ ನಿಲ್ಲಿಸುವುದು? ಅದನ್ನು ವಿಚಾರಿಸಿದೆಯಾ?” ಎಂದ. ವಿಚಾರಿಸಿರಲಿಲ್ಲ. ಮರುದಿನವೇ ವಿಚಾರಿಸಿದೆ.

ಈಗ ನಮ್ಮ ಪಾಸ್‌ಪೋರ್ಟುಗಳು ಸಿದ್ಧವಾಗಿವೆ. ಮಾಘ ಕಳೆಯುವುದನ್ನು ಕಾಯುತ್ತಿದ್ದೇವೆ. ಚಟ್ನಿಪುಡಿ, ಕೋಡುಬಳೆ, ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಇರಲೆಂದು ಉಪ್ಪುಶುಂಠಿ, ಇವುಗಳ ಪಟ್ಟಿಯನ್ನು ಅಕ್ಕ ಆಗಲೇ ಹೇಳಿ ಬರೆಸಿದ್ದಾಳೆ. “ನೀನೂ ಬಾ” ಎಂದರೆ, “ಐದು ಜನ ಹೋಗಬೇಕಾಗಿದ್ದ ಕಡೆಗೆ ಮೂರು ಜನವಾದರೂ ಹೋಗೋದು ನ್ಯಾಯವೇ. ಮಂಡಿನೋವು ಬಿಟ್ಟರೆ ಬರ್ತೀನಿ” ಎಂದಿದ್ದಾಳೆ. ಅವಳಿಗೆಂದು ಹಿಂದಿನ ಸೀಟನ್ನು ತೆರವಿಟ್ಟಿದ್ದೇವೆ. ನೋಟುಪುಸ್ತಕದ ಲೆಕ್ಕದ ಕಡೆ, “ಉಳಿಕೆ ಇಲ್ಲ” ಎಂಬುದರ ಕೆಳಗಿನ ಖಾಲಿ ಜಾಗದಲ್ಲಿ, ತಮ್ಮ ಹೊಸದಾಗಿ ಬರೆಯಲು ಆರಂಭಿಸಿದ್ದಾನೆ. ಮೊದಲನೆಯ ಸಾಲು: “ದೊಡ್ಡವನಿಂದ ಜಮೆ.” ಎರಡನೆಯದು: “ಚಿಕ್ಕವನಿಂದ ಜಮೆ.” ಎರಡೂ ಸಮನಾದ ಮೊತ್ತ, ನಾನೂ ಒಮ್ಮೆ ಕೂಡಿ ನೋಡಿ ಗುರುತು ಹಾಕಿದ್ದೇನೆ.